ಲಿನಕ್ಸ್ ಹಾಕಿದ್ಮೇಲೆ ಕಾರ್ಡ್ ಕೆಲಸ ಮಾಡ್ತಿಲ್ವಾ? ಎಸೆಯೋ ಮುಂಚೆ ಈ ನಂಬರ್ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಇಂಟೆಲ್ ಪ್ರೊಸೆಸರ್ ಆಗಿದ್ದರೆ 8ನೇ ತಲೆಮಾರಿನದ್ದೋ ಅದರ ನಂತರದ್ದೋ ಇರಬೇಕು. ಅಂಗಡಿ ಕೌಂಟರಿನ ಕೆಳಗೆ ಕೂತಿರೋ ಎಷ್ಟೋ ಹಳೇ ಸಿಸ್ಟಮ್‌ಗಳು ಈ ಪರೀಕ್ಷೆಯಲ್ಲಿ ಪಾಸಾಗಲ್ಲ. ಹಾಗಾಗಿ ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಥರದ ಉಚಿತ, ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ.

ಹಾಕಿದ ಮೊದಲ ದಿನ ಎಲ್ಲ ಚೆನ್ನಾಗಿಯೇ ಇರುತ್ತೆ. ಸಿಸ್ಟಮ್ ಬೇಗ ಆನ್ ಆಗುತ್ತೆ, ಬ್ರೌಸರ್ ಓಡುತ್ತೆ, ಜಿಎಸ್‌ಟಿ ಪೋರ್ಟಲ್ ತೆರೆಯುತ್ತೆ. ತೊಂದರೆ ಬರುವುದು ಮದರ್‌ಬೋರ್ಡ್ ಮೇಲೆ ಬೇರೆಯಾಗಿ ಸಿಕ್ಕಿಸಿರೋ ಕಾರ್ಡಿನಿಂದ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಾಕಿದ್ದ ಪ್ಯಾರಲಲ್ ಪೋರ್ಟ್ ಕಾರ್ಡ್, ಎಲೆಕ್ಟ್ರಾನಿಕ್ ತಕ್ಕಡಿ ಹಾಕಿದ್ದ ಸೀರಿಯಲ್ ಕಾರ್ಡ್, ವೈಫೈ ಕಾರ್ಡ್ ಇವುಗಳಲ್ಲಿ ಯಾವುದೋ ಒಂದು ಸುಮ್ಮನೆ ಕೂತುಬಿಡುತ್ತೆ. ಸಂತೆ ದಿನ ಬಿಲ್ ಬರದೆ ಹೋದರೆ ವ್ಯಾಪಾರವೇ ನಿಂತಂತೆ. ಆಗ ಸಿಗುವ ಸಲಹೆ ಎರಡೇ: ವಾಪಸ್ ವಿಂಡೋಸ್ ಹಾಕಿ, ಇಲ್ಲಾ ಹೊಸ ಸಿಸ್ಟಮ್ ತಗೊಳ್ಳಿ. ಆದರೆ ವಿಂಡೋಸ್‌ನಲ್ಲಿ ನಿನ್ನೆವರೆಗೆ ಓಡಿದ ಕಾರ್ಡ್ ಇವತ್ತು ಸುಟ್ಟುಹೋಗಿರುವ ಸಾಧ್ಯತೆ ಕಡಿಮೆ. ಬಹಳ ಸಲ ಲಿನಕ್ಸ್‌ಗೆ ಅದರ ಗುರುತು ಸಿಕ್ಕಿರುವುದಿಲ್ಲ, ಅಷ್ಟೇ.

ಒಂದು ವಿಷಯ ಮೊದಲೇ ಹೇಳಬೇಕು. ಟ್ಯಾಲಿಯಂತಹ ವಿಂಡೋಸ್‌ಗೆಂದೇ ಮಾಡಿದ ಸಾಫ್ಟ್‌ವೇರ್ ಮೇಲೆ ಅಂಗಡಿಯ ಲೆಕ್ಕ ನಿಂತಿದ್ದರೆ ಕಾರ್ಡ್ ಸರಿಮಾಡಿಯೂ ಪ್ರಯೋಜನವಿಲ್ಲ. ಆ ಲೆಕ್ಕ ಮುಗಿಸಿಕೊಂಡೇ ಮುಂದೆ ಓದುವುದು ಒಳ್ಳೇದು.

ಬಾಕ್ಸ್ ಮೇಲಿನ ಹೆಸರಲ್ಲ, ಚಿಪ್‌ನೊಳಗಿನ ನಂಬರ್

ಪಿಸಿಐ ಅಥವಾ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕುವ ಪ್ರತಿ ಕಾರ್ಡಿನ ಚಿಪ್‌ನಲ್ಲೂ ಎರಡು ಭಾಗದ ಒಂದು ನಂಬರ್ ಬರೆದಿರುತ್ತೆ. ಮಧ್ಯೆ ಕೋಲನ್ ಚುಕ್ಕಿ, ಎರಡೂ ಕಡೆ ನಾಲ್ಕು ನಾಲ್ಕು ಅಕ್ಷರ. ಗಾಡಿ ನಂಬರ್ ಪ್ಲೇಟ್ ಇದ್ದ ಹಾಗೆ ಅಂದ್ಕೊಳ್ಳಿ. ಕೆಎ 09 ಅಂದ ಕೂಡಲೇ ಮೈಸೂರಿನ ಗಾಡಿ ಅಂತ ಗೊತ್ತಾಗುವಂತೆ, ಮೊದಲ ಭಾಗದಿಂದ ಚಿಪ್ ಯಾವ ಕಂಪನಿಯದ್ದು ಅಂತ ಗೊತ್ತಾಗುತ್ತೆ. ಎರಡನೇ ಭಾಗ ಚಿಪ್‌ನ ಮಾದರಿ. ಗಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಂದೇ ಮಾದರಿಯ ಎಲ್ಲ ಚಿಪ್‌ಗಳಿಗೂ ಒಂದೇ ನಂಬರ್.

ಉದಾಹರಣೆಗೆ 10ಇಸಿ ಅಂದರೆ ರಿಯಲ್‌ಟೆಕ್, 14ಇ4 ಅಂದರೆ ಬ್ರಾಡ್‌ಕಾಮ್, 8086 ಅಂದರೆ ಇಂಟೆಲ್. 9710 ಅನ್ನೋದು ನಮ್ಮ ಪಕ್ಕದ ಹೈದರಾಬಾದಿನ ಮಾಸ್‌ಚಿಪ್ ಕಂಪನಿಯ ನಂಬರ್. ಸೀರಿಯಲ್, ಪ್ಯಾರಲಲ್ ಕಾರ್ಡುಗಳಲ್ಲಿ ಈ ಕಂಪನಿಯ ಚಿಪ್ ಒಂದು ಕಾಲಕ್ಕೆ ಎಲ್ಲೆಲ್ಲೂ ಇತ್ತು. ಆಮೇಲೆ ಆ ವ್ಯವಹಾರ ತೈವಾನಿನ ಏಸಿಕ್ಸ್ ಕೈಗೆ ಹೋಯಿತು.

ಲಿನಕ್ಸ್‌ನ ಒಳಭಾಗಕ್ಕೆ, ಅಂದರೆ ಕರ್ನಲ್‌ಗೆ, ಡ್ರೈವರ್‌ಗಳು ಜೊತೆಯಲ್ಲೇ ಬರುತ್ತವೆ. ಒಂದೊಂದು ಡ್ರೈವರ್ ಬಳಿಯೂ ತನಗೆ ಗೊತ್ತಿರುವ ನಂಬರ್‌ಗಳ ಪಟ್ಟಿ ಇರುತ್ತೆ. ಸಿಸ್ಟಮ್ ಆನ್ ಆದಾಗ ಕರ್ನಲ್ ಸ್ಲಾಟ್‌ಗಳನ್ನೆಲ್ಲ ನೋಡಿ, ಸಿಕ್ಕ ನಂಬರನ್ನು ಪಟ್ಟಿಯೊಂದಿಗೆ ತಾಳೆ ಹಾಕುತ್ತೆ. ಸಿಕ್ಕರೆ ಕಾರ್ಡ್ ಕೆಲಸಕ್ಕೆ ಬಂತು. ಸಿಗದಿದ್ದರೆ ಒಳಗೆ ಅದೇ ಚಿಪ್ ಇದ್ದರೂ ಕರ್ನಲ್ ಅದನ್ನು ಮುಟ್ಟಲ್ಲ. ವಿಂಡೋಸ್‌ನಲ್ಲಿ ಓಡಿದ್ದು ಯಾಕೆಂದರೆ, ಕಾರ್ಡಿನ ಬಾಕ್ಸ್‌ನಲ್ಲಿ ಬಂದ ಸಿಡಿಯಲ್ಲಿ ಆ ಕಂಪನಿಯೇ ಡ್ರೈವರ್ ಹಾಕಿ ಕೊಟ್ಟಿತ್ತು.

ಬಾಕ್ಸ್ ಮೇಲಿನ ಹೆಸರನ್ನು ನಂಬಿ ಕೂತರೆ ಸಮಯ ಹಾಳು. ಒಂದೇ ಬ್ರ್ಯಾಂಡು, ಒಂದೇ ಮಾಡೆಲ್ ಹೆಸರಲ್ಲಿ ಹೋದ ವರ್ಷ ಒಂದು ಚಿಪ್, ಈ ವರ್ಷ ಇನ್ನೊಂದು ಚಿಪ್ ಹಾಕಿ ಮಾರುವುದು ಈ ಧಂದೆಯಲ್ಲಿ ಮಾಮೂಲು.

ನಂಬರ್ ನೋಡುವುದು ಹೇಗೆ?

ಟರ್ಮಿನಲ್ ತೆರೆಯಿರಿ. ಮಿಂಟ್, ಉಬುಂಟು ಎರಡರಲ್ಲೂ ಕಂಟ್ರೋಲ್, ಆಲ್ಟ್, ಟಿ ಮೂರೂ ಕೀ ಒಟ್ಟಿಗೆ ಒತ್ತಿದರೆ ಬರುತ್ತೆ. ಅಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಎಲ್, ಎಸ್, ಪಿ, ಸಿ, ಐ ಎಂದು ಕೂಡಿಸಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಮೈನಸ್ ಗುರುತಿಗೆ ಅಂಟಿಸಿ ಎನ್, ಎನ್, ಕೆ ಬರೆದು ಎಂಟರ್ ಒತ್ತಿ. ಇದರಿಂದ ಏನೂ ಅಳಿಸಿಹೋಗಲ್ಲ, ಏನೂ ಬದಲಾಗಲ್ಲ. ಬರೀ ಪಟ್ಟಿ ತೋರಿಸುತ್ತೆ, ಧೈರ್ಯವಾಗಿ ಮಾಡಬಹುದು.

ಪಟ್ಟಿಯಲ್ಲಿ ಪ್ರತಿ ಕಾರ್ಡಿನ ಸಾಲಿನ ಕೊನೆಯ ಕಡೆ ಚೌಕ ಬ್ರ್ಯಾಕೆಟ್ಟಿನೊಳಗೆ ಆ ನಂಬರ್ ಇರುತ್ತೆ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅನ್ನೋ ಸಾಲು ಇದೆಯಾ ಅಂತ ನೋಡಿ. ಇಲ್ಲಿಂದ ದಾರಿ ಮೂರಾಗುತ್ತೆ.

ಕಾರ್ಡ್ ಪಟ್ಟಿಯಲ್ಲೇ ಇಲ್ಲ ಅಂದರೆ ಅದು ಲಿನಕ್ಸ್‌ನ ತಪ್ಪಲ್ಲ. ಕರೆಂಟ್ ತೆಗೆದು, ಕಾರ್ಡ್ ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿ, ಆಗದಿದ್ದರೆ ಬೇರೆ ಸ್ಲಾಟ್‌ಗೆ ಹಾಕಿ. ನಮ್ಮ ಕಡೆ ಧೂಳಿಗೆ ಇದೇ ದೊಡ್ಡ ಮದ್ದು. ಕಾರ್ಡ್ ಕಾಣುತ್ತೆ, ಆದರೆ ಡ್ರೈವರ್ ಸಾಲು ಇಲ್ಲ ಅಂದರೆ ಗುರುತು ಸಿಕ್ಕಿಲ್ಲ ಅಂತ ಅರ್ಥ. ಡ್ರೈವರ್ ಸಾಲೂ ಇದೆ, ಆದರೂ ಕೆಲಸ ಮಾಡ್ತಿಲ್ಲ ಅಂದರೆ ಫರ್ಮ್‌ವೇರ್ ಇಲ್ಲ, ಇಲ್ಲವೇ ಪರ್ಮಿಷನ್ ಇಲ್ಲ. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ತಿಳಿಯದೆ ಸಿಕ್ಕ ಸಿಕ್ಕ ಕಮಾಂಡ್ ಟೈಪ್ ಮಾಡುತ್ತಾ ಹೋದರೆ ಗೊಂದಲ ಹೆಚ್ಚುತ್ತೆಯೇ ಹೊರತು ಕಾರ್ಡ್ ಎದ್ದೇಳಲ್ಲ.

ಪ್ರಿಂಟರ್, ತಕ್ಕಡಿಯ ಕಾರ್ಡ್

ಅಂಗಡಿಯವರಿಗೆ ಹೆಚ್ಚು ಬಿಸಿ ಮುಟ್ಟುವುದು ಇಲ್ಲೇ. ಈಗಿನ ಮದರ್‌ಬೋರ್ಡ್‌ಗಳಲ್ಲಿ 25 ಪಿನ್ನಿನ ಪ್ಯಾರಲಲ್ ಪೋರ್ಟ್ ಬರೋದೇ ಅಪರೂಪ. ಕಾರ್ಬನ್ ಕಾಪಿ ತೆಗೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೋ ಹಳೇ ತಕ್ಕಡಿಯನ್ನೋ ಬಿಡಲಾಗದವರು ಕೆಲವು ನೂರು ರೂಪಾಯಿಯ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿಸಿಕೊಂಡಿರುತ್ತಾರೆ. ಇಂಥ ಅಗ್ಗದ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಚೀನಾದ ಡಬ್ಲ್ಯೂಸಿಎಚ್ ಕಂಪನಿಯ ಸಿಎಚ್382 ಚಿಪ್ (ನಂಬರಿನ ಮೊದಲ ಭಾಗ 1ಸಿ00), ಮಾಸ್‌ಚಿಪ್‌ನ 99 ಸರಣಿಯ ಚಿಪ್, ಇಲ್ಲವೇ ಏಸಿಕ್ಸ್‌ನ ಎಎಕ್ಸ್99100 (ನಂಬರ್ 125ಬಿ:9100).

ಮೊದಲ ಎರಡನ್ನು ಈಗಿನ ಕರ್ನಲ್‌ಗಳು ಬಹುಮಟ್ಟಿಗೆ ಗುರುತಿಸುತ್ತವೆ. ಮೂರನೆಯದರ ಕಥೆ ಬೇರೆ. ಅದರ ನಂಬರ್ ಕರ್ನಲ್‌ನ ಪಟ್ಟಿಗೆ ಸೇರಿದ್ದು 2023ರಲ್ಲಿ. 5.15 ಕರ್ನಲ್ ಜೊತೆ ಬಂದ ಲಿನಕ್ಸ್ ಮಿಂಟ್ 21ರಲ್ಲಿ ಅದು ಕೆಲಸ ಮಾಡದೆ, 6.8 ಕರ್ನಲ್ ಇರುವ ಮಿಂಟ್ 22ರಲ್ಲಿ ತಾನಾಗೇ ಎದ್ದು ಕೂತರೆ ಆಶ್ಚರ್ಯವಿಲ್ಲ. ಅಂದರೆ ಡ್ರೈವರ್ ಹುಡುಕಿ ಅಲೆಯೋ ಮುಂಚೆ ಮಾಡಬೇಕಾದ ಕೆಲಸ ಹೊಸ ಕರ್ನಲ್ ಹಾಕೋದು. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್ ತೆರೆದು ‘ವ್ಯೂ’ ಮೆನುವಿನಲ್ಲಿ ‘ಲಿನಕ್ಸ್ ಕರ್ನಲ್ಸ್’ ಒತ್ತಿದರೆ ಸಿಗುವ ಕರ್ನಲ್‌ಗಳ ಪಟ್ಟಿ ಬರುತ್ತೆ. ಹಳೇ ಕರ್ನಲ್ ಅಲ್ಲೇ ಉಳಿಯುತ್ತೆ. ಹೊಸದು ಸರಿ ಬರದಿದ್ದರೆ ಬೂಟ್ ಆಗುವಾಗ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಳೇದನ್ನೇ ಆರಿಸಬಹುದು. ಡ್ರೈವರ್ ಇಲ್ಲದ ಕಾರ್ಡಿಗೆ ಇಷ್ಟು ಸುಲಭದ, ಇಷ್ಟು ಅಪಾಯ ಕಡಿಮೆಯ ಪರಿಹಾರ ಇನ್ನೊಂದಿಲ್ಲ. ಆದರೂ ಜನ ಇದನ್ನೇ ಕೊನೆಗೆ ಮಾಡುತ್ತಾರೆ.

ಕಾರ್ಡಿಗೆ ಡ್ರೈವರ್ ಸಿಕ್ಕ ಮೇಲೂ ತಕ್ಕಡಿಯಿಂದ ತೂಕ ಬರದಿದ್ದರೆ ಪೋರ್ಟಿನ ಹೆಸರು ನೋಡಿ. ವಿಂಡೋಸ್‌ನ ಕಾಮ್1, ಕಾಮ್2 ಲೆಕ್ಕ ಇಲ್ಲಿ ಇಲ್ಲ. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟುಗಳಿಗೆ ಟಿಟಿವೈಎಸ್0, ಟಿಟಿವೈಎಸ್1 ಎಂಬ ಹೆಸರು, ಅದರಲ್ಲಿ ಕೊನೆಯ ಎಸ್ ಮಾತ್ರ ದೊಡ್ಡ ಅಕ್ಷರ. 0ಯಿಂದ 3ರವರೆಗಿನ ಹೆಸರುಗಳು ಮದರ್‌ಬೋರ್ಡಿನ ಪೋರ್ಟಿಗೆಂದು ಮೀಸಲಿರುವುದರಿಂದ, ಸಿಕ್ಕಿಸಿದ ಕಾರ್ಡಿನ ಪೋರ್ಟ್ ಸಾಮಾನ್ಯವಾಗಿ ಟಿಟಿವೈಎಸ್4ರಿಂದ ಶುರುವಾಗುತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಟಿಟಿವೈಎಸ್0 ಅಂತ ಕೊಟ್ಟು ಕಾಯುತ್ತಾ ಕೂತರೆ ತೂಕ ಬರಲ್ಲ.

ಇನ್ನೊಂದು, ಪರ್ಮಿಷನ್. ಸಾಮಾನ್ಯ ಬಳಕೆದಾರರಿಗೆ ಸೀರಿಯಲ್ ಪೋರ್ಟ್ ಮುಟ್ಟುವ ಹಕ್ಕು ತಾನಾಗಿ ಸಿಗಲ್ಲ. ‘ಡಯಲ್‌ಔಟ್’ ಎಂಬ ಗುಂಪಿಗೆ ಅವರ ಹೆಸರು ಸೇರಿಸಬೇಕು. ಮಿಂಟ್‌ನ ‘ಯೂಸರ್ಸ್ ಅಂಡ್ ಗ್ರೂಪ್ಸ್’ ಸೆಟ್ಟಿಂಗ್‌ನಲ್ಲೇ ಮಾಡಬಹುದು. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಲೇಬೇಕು, ಇಲ್ಲಾಂದ್ರೆ ಬದಲಾವಣೆ ಲೆಕ್ಕಕ್ಕೆ ಬರಲ್ಲ. ತಕ್ಕಡಿ ಕಳಿಸುವ ವೇಗ, ಅಂದರೆ ಬಾಡ್ ರೇಟ್, ಅದರ ಮ್ಯಾನುಯಲ್‌ನಲ್ಲಿ ಇರೋದಕ್ಕೂ ಸಾಫ್ಟ್‌ವೇರ್‌ನಲ್ಲಿ ಕೊಟ್ಟಿರೋದಕ್ಕೂ ಹೊಂದಬೇಕು. ಹೊಂದದಿದ್ದರೆ ಅಂಕಿ ಬದಲು ಕಸದಂತಹ ಅಕ್ಷರ ಬರುತ್ತೆ. ಕಸ ಬಂದರೆ ಒಂದು ಲೆಕ್ಕದಲ್ಲಿ ಸಮಾಧಾನವೇ. ಕಾರ್ಡ್, ವೈರ್ ಎರಡೂ ಸರಿ ಇವೆ ಅಂತಾಯ್ತು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ವಿಷಯದಲ್ಲಿ ಪೋರ್ಟ್ ‘ಎಲ್‌ಪಿ0’ ಹೆಸರಲ್ಲಿ ಕಂಡರೆ ಅರ್ಧ ಗೆದ್ದಂತೆ. 9 ಪಿನ್ನಿನ ಎಷ್ಟೋ ಪ್ರಿಂಟರ್‌ಗಳು ಎಪ್ಸನ್ ಭಾಷೆಯನ್ನೇ ಅರ್ಥ ಮಾಡಿಕೊಳ್ಳುವುದರಿಂದ, ಪ್ರಿಂಟರ್ ಸೇರಿಸುವಾಗ ಎಪ್ಸನ್ 9 ಪಿನ್ ಡ್ರೈವರ್ ಆರಿಸಿ ನೋಡಬಹುದು.

ವೈಫೈ ಕಾರ್ಡ್: ಬ್ರಾಡ್‌ಕಾಮ್ ತಲೆನೋವು

ವೈಫೈ ಕಾರ್ಡುಗಳಿಗೆ ಡ್ರೈವರ್ ಒಂದೇ ಸಾಲದು. ಕಾರ್ಡಿನೊಳಗೆ ಓಡುವ ಒಂದು ಸಣ್ಣ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಬೇರೆಯಾಗಿ ಬೇಕು. ಅದು ಕಂಪನಿಯ ಸ್ವತ್ತು, ಮುಕ್ತ ತಂತ್ರಾಂಶವಲ್ಲ. ಡೆಬಿಯನ್‌ನವರು ಇದನ್ನು ಇನ್‌ಸ್ಟಾಲರ್‌ನೊಳಗೆ ಸೇರಿಸಬೇಕೋ ಬೇಡವೋ ಅಂತ 2022ರಲ್ಲಿ ಮತವನ್ನೇ ಹಾಕಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಇದೆ. ಅದಕ್ಕಿಂತ ಹಳೇ ಸಿಡಿ, ಪೆನ್‌ಡ್ರೈವ್‌ನಿಂದ ಹಾಕಿದ್ದರೆ ತೊಂದರೆ ಅಲ್ಲೇ ಇರಬಹುದು.

ಗುರುತಿಸೋದು ಕಷ್ಟವೇನಲ್ಲ. ಟರ್ಮಿನಲ್‌ನಲ್ಲಿ ಎಸ್, ಯು, ಡಿ, ಒ ಕೂಡಿಸಿ ಬರೆದು, ಸ್ಪೇಸ್ ಬಿಟ್ಟು ಡಿ, ಎಂ, ಇ, ಎಸ್, ಜಿ ಬರೆದು ಎಂಟರ್ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಕರ್ನಲ್‌ನ ದಿನಚರಿ ಸುರುಳಿಯಂತೆ ಬರುತ್ತೆ. ಅದರಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ ಎಂಬ ಸಾಲಿನ ಕೊನೆಗೆ ಮೈನಸ್ 2 ಎಂಬ ಎರರ್ ಇದ್ದರೆ ಫೈಲ್ ಸಿಕ್ಕಿಲ್ಲ ಅಂತ ಅರ್ಥ. ಯಾವ ಫೈಲ್ ಅಂತಲೂ ಅದೇ ಸಾಲಿನಲ್ಲಿ ಇರುತ್ತೆ. ಫರ್ಮ್‌ವೇರ್ ಪ್ಯಾಕೇಜ್ ಹಾಕಿ ರೀಸ್ಟಾರ್ಟ್ ಮಾಡಿದರೆ ಮುಗೀತು.

ರಿಯಲ್‌ಟೆಕ್ ಚಿಪ್‌ಗಳಲ್ಲಿ ಬಹುಪಾಲು ಇಷ್ಟಕ್ಕೇ ಅಥವಾ ಹೊಸ ಕರ್ನಲ್‌ಗೇ ಸರಿಹೋಗುತ್ತೆ. ಬ್ರಾಡ್‌ಕಾಮ್ ಹಾಗಲ್ಲ. ಅದಕ್ಕೆ ಎರಡು ಮೂರು ಬೇರೆ ಬೇರೆ ಡ್ರೈವರ್‌ಗಳಿವೆ, ಯಾವ ನಂಬರಿಗೆ ಯಾವುದು ಅನ್ನೋದು ಖಚಿತವಾಗಿ ನೋಡಲೇಬೇಕು. ಒಂದು ಡ್ರೈವರನ್ನು ಹೊರಗಿನ ಪ್ರೋಗ್ರಾಮರ್‌ಗಳು ಚಿಪ್ಪಿನ ನಡವಳಿಕೆ ಗಮನಿಸಿ ಬರೆದರು. ಇನ್ನೊಂದನ್ನು ಬ್ರಾಡ್‌ಕಾಮ್ ತಾನೇ 2010ರಲ್ಲಿ ಮುಕ್ತವಾಗಿ ಬಿಟ್ಟಿತು. ಮೂರನೆಯದು ‘ಡಬ್ಲ್ಯೂಎಲ್’ ಎಂಬ ಮುಚ್ಚಿದ ಡ್ರೈವರ್. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ 14ಇ4:4365 ನಂಬರಿನ ಬಿಸಿಎಂ43142 ಚಿಪ್ ಈ ಮೂರನೆಯದರಿಂದ ಮಾತ್ರ ಓಡುತ್ತೆ. ಕಂಪನಿ 2015ರ ನಂತರ ಅದರ ಹೊಸ ಆವೃತ್ತಿ ಕೊಟ್ಟಿಲ್ಲ. ಉಬುಂಟು, ಡೆಬಿಯನ್‌ನವರು ಅದಕ್ಕೇ ತೇಪೆ ಹಾಕುತ್ತಾ ಬಂದಿದ್ದಾರೆ. ಒಂದೇ ಕಾರ್ಡಿಗೆ ಎರಡು ಡ್ರೈವರ್ ಕೈ ಹಾಕಿದರೆ ಎರಡೂ ಕೆಲಸ ಮಾಡಲ್ಲ. ಹಾಗಾಗಿ ಬೇಡದ್ದನ್ನು ‘ಬ್ಲ್ಯಾಕ್‌ಲಿಸ್ಟ್’ ಮಾಡಬೇಕಾಗುತ್ತೆ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ಮೂಲಕ ಹಾಕಿದರೆ ಆ ಕೆಲಸವೂ ಅದರ ಜೊತೆಗೇ ಆಗುತ್ತೆ.

ವೈಫೈಯೇ ಇಲ್ಲದೆ ವೈಫೈ ಡ್ರೈವರ್ ಇಳಿಸಿಕೊಳ್ಳೋದು ಹೇಗೆ ಅಂತ ಕೇಳಬಹುದು. ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಸಿಸ್ಟಮ್‌ಗೆ ಸಿಕ್ಕಿಸಿ, ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಇದು ವೈರ್ ಇರುವ ಇಂಟರ್‌ನೆಟ್ ಥರವೇ ಕಾಣುತ್ತೆ.

ಒಂದೇ ಸಿಸ್ಟಮ್‌ನಲ್ಲಿ ವಿಂಡೋಸ್ ಕೂಡ ಉಳಿಸಿಕೊಂಡವರು ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಬೇಕು. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗಲ್ಲ, ಕೆಲವು ಕಾರ್ಡುಗಳು ಅರೆನಿದ್ದೆಯಲ್ಲೇ ಲಿನಕ್ಸ್ ಕೈಗೆ ಬರುತ್ತವೆ.

ಹೊರಗಿನ ಡ್ರೈವರ್ ಮತ್ತು ನೀಲಿ ಪರದೆ

ಕರ್ನಲ್ ಜೊತೆ ಬರದ ಡ್ರೈವರನ್ನು ಹೊರಗಿನಿಂದ ಹಾಕುವಾಗ ‘ಡಿಕೆಎಂಎಸ್’ ವ್ಯವಸ್ಥೆಯಲ್ಲಿ ಸಿಗುವಂಥದ್ದನ್ನೇ ಹಾಕಿ. ಇಲ್ಲದಿದ್ದರೆ ಕರ್ನಲ್ ಅಪ್‌ಡೇಟ್ ಆದ ಮರುದಿನ ಕಾರ್ಡ್ ಮತ್ತೆ ಮಲಗುತ್ತೆ. ಡಿಕೆಎಂಎಸ್ ಇದ್ದರೆ ಪ್ರತಿ ಹೊಸ ಕರ್ನಲ್‌ಗೂ ಡ್ರೈವರ್ ತಾನಾಗೇ ಮತ್ತೆ ತಯಾರಾಗುತ್ತೆ. ಡ್ರೈವರ್ ಹಳೆಯದಾಗಿದ್ದು ಹೊಸ ಕರ್ನಲ್‌ಗೆ ಹೊಂದದೆ ಇದ್ದರೆ ಮಾತ್ರ ಇದೂ ಕೈಕೊಡುತ್ತೆ.

ಎಷ್ಟೋ ಜನ ಎಡವುವುದು ಸೆಕ್ಯೂರ್ ಬೂಟ್‌ನಲ್ಲಿ. ಬಯಾಸ್‌ನಲ್ಲಿ ಅದು ಆನ್ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡಲ್ಲ. ಅದಕ್ಕೇ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂದು ‘ಎನ್‌ರೋಲ್ ಎಂಒಕೆ’ ಅಂತ ಆಯ್ಕೆ ತೋರಿಸುತ್ತೆ. ಅಲ್ಲಿ ಅದನ್ನೇ ಆರಿಸಿ, ಮೊದಲು ಕೊಟ್ಟ ಪಾಸ್‌ವರ್ಡ್ ಹಾಕಬೇಕು. ನೀಲಿ ಪರದೆ ನೋಡಿ ಗಾಬರಿಯಾಗಿ ಎಂಟರ್ ಒತ್ತಿ ಮುಂದೆ ಹೋದರೆ ಡ್ರೈವರ್ ಇದ್ದೂ ಇಲ್ಲದಂತೆ. ಮತ್ತೆ ಇನ್‌ಸ್ಟಾಲ್ ಮಾಡಿಯೇ ಆ ಪರದೆ ಬರಿಸಬೇಕು.

ಇನ್ನೊಂದು ಉಪಾಯವೂ ಇದೆ. ಚಿಪ್ ಗೊತ್ತಿರುವುದೇ, ಆದರೆ ಯಾವುದೋ ಕಂಪನಿ ಅದಕ್ಕೆ ಬೇರೆ ನಂಬರ್ ಹಚ್ಚಿ ಮಾರಿದೆ ಎಂದಾದರೆ, ‘ಈ ನಂಬರನ್ನೂ ನಿನ್ನ ಪಟ್ಟಿಗೆ ಸೇರಿಸಿಕೋ’ ಅಂತ ಡ್ರೈವರ್‌ಗೆ ಕೈಯಾರೆ ಹೇಳಬಹುದು. ‘ನ್ಯೂ ಐಡಿ’ ಎಂಬ ಫೈಲಿಗೆ ನಂಬರ್ ಬರೆಯುವ ವಿಧಾನ ಅದು. ಸಿಸ್ಟಮ್ ಆಫ್ ಮಾಡಿದರೆ ಆ ಸೂಚನೆ ಅಳಿಸಿಹೋಗುತ್ತೆ, ಬೇರೆ ಜಾತಿಯ ಚಿಪ್‌ಗೆ ತಪ್ಪು ಡ್ರೈವರ್ ಹಚ್ಚಿದರೆ ಸಿಸ್ಟಮ್ ಹ್ಯಾಂಗ್ ಆಗಬಹುದು. ಬಿಲ್ಲಿಂಗ್ ಕೌಂಟರಿನ ಸಿಸ್ಟಮ್ ಮೇಲೆ ಈ ಪ್ರಯೋಗ ಬೇಡ. ಗೊತ್ತಿರುವವರು ರಜಾ ದಿನ ಬಂದು ಕೂತು ಮಾಡಲಿ.

ಹಾಗೆ ಮಾಡಿ ಕಾರ್ಡ್ ಓಡಿದರೆ ಆ ನಂಬರನ್ನು ಕರ್ನಲ್ ಬರೆಯುವವರಿಗೆ, ಇಲ್ಲವೇ ಉಬುಂಟು, ಡೆಬಿಯನ್‌ನವರ ದೂರು ವಿಭಾಗಕ್ಕೆ ತಿಳಿಸಬಹುದು. ಬಳಕೆದಾರರು ಕಳಿಸಿದ ಒಂದು ಸಾಲಿನ ನಂಬರ್‌ನಿಂದಲೇ ಪಟ್ಟಿ ಸೇರಿದ ಕಾರ್ಡುಗಳು ಬೇಕಾದಷ್ಟಿವೆ.

ಎಲ್ಲಿಗೆ ನಿಲ್ಲಿಸಬೇಕು?

ಎಲ್ಲ ಕಾರ್ಡೂ ಎದ್ದೇಳುತ್ತೆ ಅಂತೇನಿಲ್ಲ. ಕಂಪನಿ ವಿವರ ಬಿಟ್ಟುಕೊಡದ, ಬೇರೆ ಯಾರೂ ಡ್ರೈವರ್ ಬರೆಯದ ಚಿಪ್‌ಗಳಿವೆ. ಹಳೇ ಡಯಲಪ್ ಮೋಡೆಮ್ ಕಾರ್ಡುಗಳು, ಕೆಲವು ಟಿವಿ ಟ್ಯೂನರ್ ಕಾರ್ಡುಗಳು ಈ ಸಾಲಿಗೆ ಸೇರುತ್ತವೆ. ವಿಂಡೋಸ್ ಎಕ್ಸ್‌ಪಿಯ ವೈಫೈ ಡ್ರೈವರನ್ನೇ ಲಿನಕ್ಸ್‌ನಲ್ಲಿ ಓಡಿಸುವ ‘ಎನ್‌ಡಿಐಎಸ್ ರ‍್ಯಾಪರ್’ ಬಗ್ಗೆ ಯಾರಾದರೂ ಹೇಳಿದರೆ ಅದು ಹಳೇ ಕಾಲದ ಮದ್ದು, ಈಗ ಅದರ ಹಿಂದೆ ಬೀಳುವುದು ವ್ಯರ್ಥ.

ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಹೊಸ ಕರ್ನಲ್, ಫರ್ಮ್‌ವೇರ್, ಡ್ರೈವರ್ ಮ್ಯಾನೇಜರ್ ಮೂರನ್ನೂ ನೋಡಿ ಒಂದು ಸಂಜೆಯಲ್ಲಿ ಆಗದಿದ್ದರೆ ಕಾರ್ಡನ್ನೇ ಬದಲಿಸುವುದು ಲೇಸು. ಟೆಕ್ನಿಷಿಯನ್‌ಗೆ ಎರಡನೇ ಸಲ ಕೊಡುವ ವಿಸಿಟಿಂಗ್ ಚಾರ್ಜ್‌ನಲ್ಲೇ ಬೇರೆ ಕಾರ್ಡ್ ಬಂದುಬಿಡಬಹುದು. ತಕ್ಕಡಿಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಸಾಕು. ಎಫ್‌ಟಿಡಿಐ, ಸಿಎಚ್340 ಚಿಪ್ ಇರುವ ಕೇಬಲ್‌ಗಳಿಗೆ ಕರ್ನಲ್‌ನಲ್ಲೇ ಡ್ರೈವರ್ ಇದೆ. ಆಗ ಪೋರ್ಟಿನ ಹೆಸರು ಟಿಟಿವೈಯುಎಸ್‌ಬಿ0 ಆಗುತ್ತೆ, ಡಯಲ್‌ಔಟ್ ಗುಂಪಿನ ನಿಯಮ ಇದಕ್ಕೂ ಅನ್ವಯ. ಪ್ರಿಂಟರ್‌ಗೆ ಯುಎಸ್‌ಬಿ ಪ್ಯಾರಲಲ್ ಕೇಬಲ್ ಹಾಕಬಹುದು. ಅದು ಪ್ರಿಂಟ್ ತೆಗೆಯೋದಕ್ಕೆ ಮಾತ್ರ, ನಿಜವಾದ ಪ್ಯಾರಲಲ್ ಪೋರ್ಟ್ ಬೇಡುವ ಬೇರೆ ಯಂತ್ರಗಳಿಗೆ ಆಗಲ್ಲ.

ಹೊಸ ಕಾರ್ಡ್ ಕೊಳ್ಳುವಾಗ ‘ಲಿನಕ್ಸ್‌ಗೆ ಆಗುತ್ತಾ?’ ಅಂತ ಕೇಳಿದರೆ ಕೌಂಟರಿನವರು ಹೂಂ ಅಂತಲೇ ಹೇಳುತ್ತಾರೆ. ‘ಯಾವ ಚಿಪ್ಪು?’ ಅಂತ ಕೇಳಿ. ಕಾರ್ಡಿನ ಮಧ್ಯದ ದೊಡ್ಡ ಕಪ್ಪು ಚೌಕದ ಮೇಲೆ ಅಚ್ಚಾಗಿರುವ ಹೆಸರಿನ ಫೋಟೋ ತೆಗೆದು, ಆ ಹೆಸರಿನ ಜೊತೆ ಲಿನಕ್ಸ್ ಅಂತ ಸೇರಿಸಿ ಹುಡುಕಿ ನೋಡಿ, ಆಮೇಲೆ ದುಡ್ಡು ಕೊಡಿ. ಓಡದಿದ್ದರೆ ವಾಪಸ್ ತಗೊಳ್ತೀರಾ ಅಂತ ಮೊದಲೇ ಮಾತಾಡಿ, ಬಿಲ್ ಮೇಲೆ ಬರೆಸಿಕೊಳ್ಳಿ. ಈಗಾಗಲೇ ಓಡುತ್ತಿರುವ ಕಾರ್ಡ್ ಇದ್ದರೆ ಅದರ ನಂಬರ್, ಡ್ರೈವರ್ ಹೆಸರು, ಕರ್ನಲ್ ಆವೃತ್ತಿ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಸಿಪಿಯು ಡಬ್ಬದ ಪಕ್ಕಕ್ಕೆ ಅಂಟಿಸಿ. ಮುಂದಿನ ಸಲ ರಿಪೇರಿಗೆ ಬಂದವರು ಅದನ್ನೇ ಮೊದಲು ಕೇಳುತ್ತಾರೆ.